ಪ್ಯಾಂಟಿಗೆ ಮುಯ್ಯಾಳು

ಸಾಲ ತೀರಿತು ಅಂತ ಬೀದಿಗೆಲ್ಲ ಒಬ್ಬಟ್ಟು ಹಂಚಿ, ಕೈ ತೊಳೆದುಕೊಂಡ ಮೇಲೆ ಸಾಲ ಮೊದಲಿಗಿಂತ ಹೆಚ್ಚಾಗಿದೆ ಅಂತ ತಿಳಿದುಕೊಂಡವಳು ಇಡೀ ರಾಯದುರ್ಗದಲ್ಲಿ ನಾನೊಬ್ಬಳೇ ಇರಬೇಕು. ಈಗ ನೆನೆಸಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅವತ್ತು ಮಾತ್ರ ಒಬ್ಬಟ್ಟು ತಿಂದವರ ಮನೆಮನೆಗೂ ಹೋಗಿ ಕಕ್ಕಿಸಿಕೊಂಡು ಬರಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು. ನನ್ನ ಸಿಟ್ಟೇ ಹಾಗೆ, ಯಾರ ಮೇಲೆ ಬರಬೇಕೋ ಅವರನ್ನು ಬಿಟ್ಟು ಪಕ್ಕದಲ್ಲಿ ನಿಂತವರ ಮೇಲೆ ಬೀಳುತ್ತೆ.

ನಾನು ಮಡಕಶಿರದ ಹತ್ತಿರದ ಒಂದು ಹಳ್ಳಿಯವಳು. ನನ್ನ ಗಂಡ ರಾಯದುರ್ಗದವರು. ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ. ಅವರು ಕಟಿಂಗ್ ಟೇಬಲ್ಲಿನಲ್ಲಿ, ನಾನು ಹೊಲಿಗೆ ಲೈನಿನಲ್ಲಿ. ಮದುವೆಯಾಯಿತು, ಮಗಳು ಹುಟ್ಟಿದಳು, ಗೇಟು ಮಾತ್ರ ಅದೇ, ಸೈರನ್ನೂ ಅದೇ. ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಎರಡು ವರ್ಷ ತುಂಬಿದ ಕೂಡಲೇ ನಮ್ಮವ್ವನ ಹತ್ತಿರ ಬಿಟ್ಟು ಬಂದೆವು. ಎರಡು ತಿಂಗಳಿಗೊಂದು ಸಲ ಹೋಗಿ ನೋಡಿಕೊಂಡು ಬರುತ್ತಿದ್ದೆವು. ಹಾಗೆ ಐದು ವರ್ಷ ಕಳೆಯಿತು. ಒಂದು ಸಲ ಹೋದಾಗ ಮಗಳು ಅವ್ವನ ಸೆರಗು ಹಿಡಿದು ನಿಂತು, "ಇವ್ರು ಯಾವಾಗ ವಾಪಸ್ ಓಗ್ತಾರಜ್ಜಿ?" ಅಂತ ಕೇಳಿದಳು. ವಾಪಸ್ ಬರುವ ಬಸ್ಸಿನಲ್ಲೇ ಗಂಡನಿಗೆ ಹೇಳಿದೆ: ಬೆಂಗಳೂರು ಸಾಕು, ನಿಮ್ಮೂರಿನಲ್ಲಿ ಬೀದಿಬೀದಿಗೂ ಜೀನ್ಸ್ ಹೊಲಿಯುತ್ತಾರೆ, ಎರಡು ಮಿಷನ್ ಹಾಕಿಕೊಳ್ಳೋಣ, ಮಗಳನ್ನು ಕರೆತಂದು ನಮ್ಮ ಜೊತೆ ಇಟ್ಟುಕೊಳ್ಳೋಣ.

ಮಿಷನ್ನಿಗೆ ದುಡ್ಡು ಎಲ್ಲಿಂದ ಬರಬೇಕು? ಕ್ರೆಡಿಟ್ ಕಾರ್ಡಿತ್ತಲ್ಲ. ನಮ್ಮ ಸಂಬಳ ಬೀಳುವ ಬ್ಯಾಂಕಿನವನೊಬ್ಬ ಹಿಂದೊಮ್ಮೆ ಫ್ಯಾಕ್ಟರಿ ಗೇಟಿನ ಎದುರು ದೊಡ್ಡ ಛತ್ರಿ ನೆಟ್ಟು, ಟೈ ಕಟ್ಟಿಕೊಂಡು ಕೂತಿದ್ದ. "ಫ್ರೀ ಮೇಡಂ, ಜೀವಮಾನ ಪೂರ್ತಿ ಫ್ರೀ" ಅಂದ. ಮೇಡಂ ಅಂತ ನನ್ನನ್ನು ಜೀವಮಾನದಲ್ಲಿ ಮೊದಲ ಸಲ ಕರೆದವನು ಅವನೇ. ಅಷ್ಟಕ್ಕೇ ಸೈನ್ ಹಾಕಿಬಿಟ್ಟೆ. ಬಂದ ಕಾರ್ಡನ್ನು ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ಬೆಂಗಳೂರು ಬಿಡುವಾಗ ಹೊರಗೆ ತೆಗೆದೆ. ಎರಡು ಸೆಕೆಂಡ್ ಹ್ಯಾಂಡ್ ಪವರ್ ಮಿಷನ್, ಒಂದು ಫ್ರಿಜ್ಜು. ಬಾಡಿಗೆ ಮನೆಯ ಅಡ್ವಾನ್ಸಿಗೆ ನಗದು ಬೇಕಾಗಿತ್ತು, ಅದಕ್ಕೂ ಒಂದು ಅಂಗಡಿ ಸಿಕ್ಕಿತು. ಅಲ್ಲಿ ಕಾರ್ಡು ಉಜ್ಜಿದರೆ ತಮ್ಮ ಪಾಲು ಮುರಿದುಕೊಂಡು ಕೈಗೆ ನೋಟು ಕೊಡುತ್ತಿದ್ದರು. ಎಲ್ಲ ಸೇರಿ ಅರವತ್ತು ಸಾವಿರ ಉಜ್ಜಿದೆ. ಉಜ್ಜುವಾಗ ಏನೂ ನೋಯಲಿಲ್ಲ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ನಮ್ಮ ಕಡೆ ಫೈನಾನ್ಸಿನವರು ಸಾಲ ಕೊಟ್ಟರೆ ಕಂತಿನ ಪುಸ್ತಕ ಕೊಡುತ್ತಾರೆ. ಇಪ್ಪತ್ತನಾಲ್ಕು ಮನೆ ಗೀಚಿರುತ್ತಾರೆ, ತಿಂಗಳಿಗೊಂದು ಮನೆಗೆ ಟಿಕ್ ಹಾಕುತ್ತಾರೆ, ಮನೆ ಮುಗಿದರೆ ಸಾಲ ಮುಗಿಯಿತು. ನಾನು ಹುಟ್ಟಿದಾಗಿನಿಂದ ಕಂಡ ಸಾಲ ಅಂದರೆ ಅದೇ. ಕಾರ್ಡಿನವರು ಪುಸ್ತಕ ಕೊಡಲಿಲ್ಲ. ಎಷ್ಟು ಅಚ್ಚುಕಟ್ಟಿಲ್ಲದ ಜನ ಇವರು ಅಂತ ಬೈದುಕೊಂಡು, ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸ್ಕೇಲಿಟ್ಟು ನಾನೇ ಇಪ್ಪತ್ತನಾಲ್ಕು ಮನೆ ಗೀಚಿದೆ. ತಿಂಗಳು ತಿಂಗಳು ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬರುತ್ತಿತ್ತು. ಅದರಲ್ಲಿ ಎರಡು ಸಂಖ್ಯೆ. ಒಂದು ದೊಡ್ಡದು, ಇನ್ನೊಂದು 'ಮಿನಿಮಮ್' ಅನ್ನುವುದರ ಪಕ್ಕದಲ್ಲಿ ಚಿಕ್ಕದು. ದೊಡ್ಡದು ಒಟ್ಟು ಸಾಲ, ಚಿಕ್ಕದು ಈ ತಿಂಗಳ ಕಂತು ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಆಮೇಲೆ ದೊಡ್ಡದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದು ತಿಂಗಳೂ ತಪ್ಪಿಸಲಿಲ್ಲ, ಒಂದು ದಿನ ತಡ ಮಾಡಲಿಲ್ಲ. ಯುಗಾದಿ ಬಟ್ಟೆಗೆ, ಸ್ಕೂಲ್ ಫೀಜಿಗೆ ಅಂತ ನಡುನಡುವೆ ಒಂದಿಷ್ಟು ಉಜ್ಜುತ್ತಿದ್ದೆ. ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕಂತು ಕಟ್ಟುತ್ತಿದ್ದೀನಲ್ಲ, ಅದರಲ್ಲೇ ಸೇರಿರುತ್ತೆ ಬಿಡು ಅಂತಿದ್ದೆ.

ದೀಪಾವಳಿ ಮುಗಿದ ಮಾರನೇ ವಾರ ಇಪ್ಪತ್ತನಾಲ್ಕನೇ ಮನೆಗೆ ಟಿಕ್ ಹಾಕಿದೆ. ಅವತ್ತು ಮಿಷನ್ ಮುಟ್ಟಲಿಲ್ಲ. ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ ಐವತ್ತು ಒಬ್ಬಟ್ಟು ತಟ್ಟಿದೆ. ಇಲ್ಲಿಯವರು ಹೋಳಿಗೆ ಅಂತಾರೆ, ಏನಂದರೂ ಖಾಲಿಯಾಗುವುದು ಒಂದೇ ವೇಗದಲ್ಲಿ. ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳು ನಮ್ಮದೂ ಸೇರಿ ಐದು. ಎಲ್ಲರಿಗೂ ಕೊಟ್ಟು, "ಕಾರ್ಡಿನ ಸಾಲ ತೀರಿತು" ಅಂತ ಹೇಳಿಕೊಂಡು ಬಂದೆ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿದೆ, ತೀರುವಳಿ ಕಾಗದ ಕಳಿಸಿ ಅಂತ ಕೇಳೋಣ ಅಂತ. ಒಂದೊತ್ತಿ, ಎರಡೊತ್ತಿ, ಹತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು. ತೆಲುಗಿನವಳು, ಮಾತು ಬಹಳ ಮೆದು. ಬಾಕಿ ಎಪ್ಪತ್ತಾರು ಸಾವಿರ ಅಂದಳು. ಬೇರೆ ಯಾರದೋ ಲೆಕ್ಕ ನೋಡ್ತಿದ್ದೀಯಮ್ಮ, ಸರಿಯಾಗಿ ನೋಡು ಅಂದೆ. ಅವಳು ಸರಿಯಾಗಿಯೇ ನೋಡಿದ್ದಳು. ಮಿನಿಮಮ್ ಅನ್ನುವುದು ಕಂತಲ್ಲ, ಅಷ್ಟು ಕಟ್ಟಿದರೆ ಹೆಚ್ಚುಕಮ್ಮಿ ಬಡ್ಡಿಗೇ ಸರಿಹೋಗುತ್ತೆ, ಪೂರ್ತಿ ಕಟ್ಟುವ ತನಕ ಬಡ್ಡಿ ಓಡುತ್ತಲೇ ಇರುತ್ತೆ ಅಂತ ಮೂರು ಸಲ ಬಿಡಿಸಿ ಹೇಳಿದಳು. ನಾನು ಅವಳ ಮೇಲೆ ಕಿರುಚಿದೆ. ಪಾಪ, ಅವಳು "ಸರೇ ಅಮ್ಮಾ" ಅಂತ ಕೊನೆತನಕ ಕೇಳಿಸಿಕೊಂಡಳು.

ಗಂಡ ಸಂಜೆ ಬಂದರು. ಅವರು ಇಲ್ಲಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಮಾತು ಕಡಿಮೆ. ತಟ್ಟೆಯಲ್ಲಿದ್ದ ಎರಡು ಒಬ್ಬಟ್ಟು ತಿಂದು ಮುಗಿಸುವವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ.

"ಮತ್ತ ಬೆಂಗ್ಳೂರಿಗೆ ಹೋಗೋದು ಛಲೋ. ಇಬ್ರೂ ಎರಡು ವರ್ಷ ದುಡಿದ್ರ ತೀರತದ," ಅಂದರು.

"ಮಗಳು?"

"ನಿಮ್ಮವ್ವನ ಹತ್ರ ಇರ್ಲಿ. ಮೊದ್ಲು ಇದ್ದಿಲ್ಲೇನು?"

ಮಗಳಿಗೆ ಆಗ ಒಂಬತ್ತು. ನಮ್ಮ ಮನೆಗೆ ಬಂದು ಎರಡು ವರ್ಷ. ಮೊದಲ ಆರು ತಿಂಗಳು ನನ್ನ ಹತ್ತಿರ ಮಲಗುತ್ತಲೇ ಇರಲಿಲ್ಲ. ಈಗೀಗ ಸ್ಕೂಲಿನಿಂದ ಬಂದ ಕೂಡಲೇ ಮಿಷನ್ ಪಕ್ಕ ಕೂತು ಅವತ್ತಿನ ಜಗಳವನ್ನೆಲ್ಲ ನನಗೆ ಒಪ್ಪಿಸುವಷ್ಟು ಹತ್ತಿರವಾಗಿದ್ದಳು. ಅವಳನ್ನು ಮತ್ತೆ ಬಿಟ್ಟು ಹೋಗುವುದು ಅಂದರೆ ನನ್ನ ಕೈಲಿ ಸಾಧ್ಯವೇ ಇರಲಿಲ್ಲ. ಇನ್ನೊಂದು ಸಲ ಬಿಟ್ಟರೆ ಆಮೇಲೆ ಅವಳು ನನ್ನವಳಾಗಿ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. "ನೀವು ಬೇಕಾದ್ರೆ ಹೋಗ್ರಿ, ನಾನು ಸತ್ತರೂ ಬರಲ್ಲ" ಅಂತ ಕೂಗಾಡಿದೆ. "ಯಾಕ ಒದರ್ತಿ? ದಾರಿ ಇದ್ರ ಹೇಳು," ಅಂದರು. ದಾರಿ ಇರಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವ ತನಕ, ಏಪ್ರಿಲ್ ತನಕ, ಟೈಮ್ ಕೊಡಿ ಅಂದೆ. ಅಷ್ಟರಲ್ಲಿ ತೀರದಿದ್ದರೆ ನೀವು ಹೇಳಿದ ಹಾಗೆ ಅಂದೆ. ಅವರು ಒಪ್ಪಿದರು. ಅವ್ವನಿಗೂ ಫೋನ್ ಮಾಡಿ, ಬೇಸಿಗೆಗೆ ಮಗಳು ನಿಮ್ಮ ಹತ್ತಿರವೇ ಬಂದುಬಿಡಬಹುದು ಅಂತ ಹೇಳಿಟ್ಟರು.

ಮೊದಲ ಕೆಲಸ, ಗಂಡನ ಬಟ್ಟೆ ಕತ್ತರಿಸುವ ಉದ್ದ ಕತ್ತರಿಯಲ್ಲಿ ಕಾರ್ಡನ್ನು ನಾಲ್ಕು ತುಂಡು ಮಾಡಿದೆ. ಎರಡನೆಯದು, ಫ್ರಿಜ್ಜು ಮಾರಿದೆ. ಅದರಲ್ಲಿ ಮೂರು ನಿಂಬೆಹಣ್ಣು, ಒಂದು ಬಾಟಲಿ ನೀರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮೂರನೆಯದು ದುಡಿಮೆ, ಅಲ್ಲೇ ಗಂಟು. ನಾನು ಆಗ ಹೊಲಿಯುತ್ತಿದ್ದುದು ಬರೀ ಜೇಬು. ಒಂದು ಪ್ಯಾಂಟಿನ ಹಿಂಜೇಬು ಕೂರಿಸಿದರೆ ಸಿಗುತ್ತಿದ್ದುದು ಚಿಲ್ಲರೆ. ಬೀದಿಯಲ್ಲಿ ಎಲ್ಲರೂ ಹಾಗೇ, ಒಬ್ಬರು ಜಿಪ್ಪು, ಒಬ್ಬರು ಸೈಡು, ಎದುರು ಮನೆಯಾಕೆ ಸೊಂಟದ ಪಟ್ಟಿ, ಮೂಲೆ ಮನೆಯವರು ಲೂಪು ಮತ್ತೆ ಕಾಲಿನ ಮಡಿಕೆ. ಇಡೀ ಪ್ಯಾಂಟು ಹೊಲಿದು ಕೊಟ್ಟರೆ ಒಂದಕ್ಕೆ ನಲವತ್ತೈದು ರೂಪಾಯಿ ಸಿಗುತ್ತಿತ್ತು. ಆದರೆ ಇಡೀ ಲಾಟು ಅಂದರೆ ಆರುನೂರು ಪ್ಯಾಂಟು, ಹತ್ತು ದಿನದಲ್ಲಿ ಕೊಡಬೇಕು. ಕೂಲಿಗೆ ಜನ ಇಡಬೇಕು, ಕೂಲಿ ಕೊಟ್ಟರೆ ಉಳಿಯುವುದೇನು?

ಇದನ್ನೇ ಫೋನಿನಲ್ಲಿ ಅವ್ವನ ಮುಂದೆ ಗೊಣಗಿದೆ. ಅವ್ವನಿಗೆ ಓದು ಬರಹ ಇಲ್ಲ. ಹೊಲ, ರೇಷ್ಮೆ ಹುಳ, ಇವೆರಡರಲ್ಲೇ ಜೀವ ತೇಯ್ದವಳು.

"ಕೂಲಿಗ್ಯಾಕಮ್ಮಿ ಕಾಸು?" ಅಂದಳು. "ಕಳ್ಳೇಕಾಯಿ ಕೀಳುವಾಗ ನಾವೇನು ಕೂಲಿ ಕೊಡ್ತಿದ್ವಾ? ಮುಯ್ಯಾಳು ಕೇಳು."

ಮುಯ್ಯಾಳು ಅಂದರೆ, ಇವತ್ತು ನಮ್ಮ ಹೊಲಕ್ಕೆ ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ. ದುಡ್ಡಿನ ಮಾತೇ ಇಲ್ಲ. ಒಂದು ದಿನಕ್ಕೆ ಒಂದು ದಿನ ತೀರಿಸಬೇಕು, ಅಷ್ಟೇ. ಚಿಕ್ಕವಳಿದ್ದಾಗ ಅವ್ವನ ಹಿಂದೆ ಎಷ್ಟು ಮನೆಯ ಹೊಲಕ್ಕೆ ಮುಯ್ಯಾಳು ಹೋಗಿದ್ದೇನೋ ಲೆಕ್ಕವಿಲ್ಲ. ಅದು ಮಿಷನ್ನಿಗೂ ಆಗುತ್ತೆ ಅಂತ ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

ಮಾರನೇ ದಿನ ನಾಲ್ಕು ಮನೆಯ ಹೆಂಗಸರನ್ನೂ ನಮ್ಮ ಜಗಲಿಯ ಮೇಲೆ ಕೂರಿಸಿ ಹೇಳಿದೆ. ಐದು ಮನೆಯವರು ಸೇರಿ ಒಂದೊಂದು ಸಲಕ್ಕೆ ಒಬ್ಬೊಬ್ಬರ ಹೆಸರಲ್ಲಿ ಇಡೀ ಲಾಟು ಹಿಡಿಯೋಣ. ಎಲ್ಲರೂ ಅವರವರ ಮನೆಯಲ್ಲಿ, ಅವರವರ ಮಿಷನ್ನಿನಲ್ಲಿ ಅವರವರ ಭಾಗ ಹೊಲಿಯೋಣ. ಬಂದ ದುಡ್ಡು ಪೂರ್ತಿ ಪಾಳಿಯವರಿಗೆ. ಮುಂದಿನ ಲಾಟು ಇನ್ನೊಬ್ಬರದು.

ಎದುರು ಮನೆಯಾಕೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಏನ್ರಿ ಅಕ್ಕಾರ, ಹೊಲಕ್ಕ ಮುಯ್ಯಾಳು ಕೇಳೀವಿ, ಪ್ಯಾಂಟಿಗೆ ಮುಯ್ಯಾಳು ಎಲ್ಲ್ಯಾರ ಕೇಳೀವೇನ್ರಿ?"

"ಈಗ ಕೇಳಿದ್ರಲ್ಲ," ಅಂದೆ.

"ಆಯ್ತ್ರಿ. ಮೊದಲ್ನೇ ಪಾಳಿ ಯಾರ್ದು?"

"ನಂದು."

"ಅದ್ಯಾಕ ನಿಮ್ದು?"

ನ್ಯಾಯವಾದ ಪ್ರಶ್ನೆ. ಮುಚ್ಚಿಟ್ಟು ಫಲ ಇರಲಿಲ್ಲ. ಫೋನ್ ತೆಗೆದು ಮೆಸೇಜು ತೋರಿಸಿದೆ. ಇಪ್ಪತ್ತನಾಲ್ಕು ಮನೆ ಗೀಚಿದ ಹಾಳೆ ತೋರಿಸಿದೆ. ನೀವು ತಿಂದ ಒಬ್ಬಟ್ಟು ಸುಳ್ಳು ಒಬ್ಬಟ್ಟು ಅಂತ ಹೇಳುವಾಗ ಮುಖ ಎತ್ತಲಾಗಲಿಲ್ಲ. ಮೊದಲು ಎದುರು ಮನೆಯಾಕೆ ಕಿಸಕ್ ಅಂದಳು, ಅದಾದ ಮೇಲೆ ನಾಲ್ವರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಎದ್ದು ಒಳಗೆ ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಮೂಲೆ ಮನೆಯಾಕೆ ನಗು ನಿಲ್ಲಿಸಿ, "ತಡೀರಿ, ನಮ್ಮನ್ಯಾಗೂ ಒಂದು ಕಾರ್ಡು ಐತಿ. ನಮ್ಮವ್ರೂ ಅದೇ ಸಣ್ಣ ನಂಬರೇ ಕಟ್ತಾರ," ಅಂತ ಓಡಿ ಹೋಗಿ ಗಂಡನ ಫೋನ್ ತಂದಳು. ನೋಡಿದರೆ ಅವರದೂ ಅದೇ ಕಥೆ. ಈಗ ನಗುವ ಸರದಿ ನನ್ನದು. ಮೊದಲ ಪಾಳಿ ನನಗೆ, ಎರಡನೆಯದು ಮೂಲೆ ಮನೆಗೆ ಅಂತ ಅಲ್ಲೇ ತೀರ್ಮಾನವಾಯಿತು.

ಲಾಟು ಕೊಡಿಸಲು ಗಂಡ ಅವರ ಮಾಲೀಕನ ಮುಂದೆ ಜಾಮೀನು ನಿಂತರು. ಆರುನೂರು ಪ್ಯಾಂಟಿನ ಕತ್ತರಿಸಿದ ಬಟ್ಟೆ ಆಟೋದಲ್ಲಿ ಬಂದಿಳಿದ ದಿನವೇ ಅವ್ವನೂ ಮಡಕಶಿರದಿಂದ ಬಂದಿಳಿದಳು. ಒಂದು ಕೈಯಲ್ಲಿ ಕಳ್ಳೇಕಾಯಿ ಚೀಲ, ಇನ್ನೊಂದು ಕೈಯಲ್ಲಿ ಅವರೆಕಾಯಿ. "ದಾರ ಕತ್ತರ್ಸಾಕೆ ಆಳು ಬೇಕಲ್ಲಮ್ಮಿ, ನಾನೇ ಬಂದೆ," ಅಂದಳು. ಹೊಲಿದ ಪ್ಯಾಂಟಿಗೆ ನೇತಾಡುವ ದಾರ ಕತ್ತರಿಸುವುದು ದೊಡ್ಡ ಕೆಲಸ, ಕಣ್ಣಿರಬೇಕು, ತಾಳ್ಮೆ ಇರಬೇಕು. ನನಗೆ ಎರಡನೆಯದು ಇಲ್ಲ. ಅವ್ವ ಬಂದದ್ದು ನೋಡಿ ಅಳುವಷ್ಟು ಖುಷಿಯಾಯಿತು.

ಆ ಖುಷಿ ಮಧ್ಯಾಹ್ನದವರೆಗೆ ಇತ್ತು. ನಾನು ದಾರ ತರಲು ಪೇಟೆಗೆ ಹೋಗಿದ್ದೆ. ವಾಪಸ್ ಬಂದಾಗ ಅವ್ವ ಬಟ್ಟೆಯ ಕಟ್ಟುಗಳನ್ನೆಲ್ಲ ಬಿಚ್ಚಿ, ಕಾಲು ಚಾಚಿ ಕೂತು, ಏನನ್ನೋ ಕಿತ್ತು ಕಿತ್ತು ಮೊರಕ್ಕೆ ಹಾಕುತ್ತಿದ್ದಳು. ಮೊರದ ತುಂಬ ಚಿಕ್ಕ ಚಿಕ್ಕ ಬಿಳಿ ಚೀಟಿ. ಕತ್ತರಿಸಿದ ಪ್ರತಿ ತುಂಡಿಗೂ ನಂಬರಿನ ಚೀಟಿ ಅಂಟಿಸಿರುತ್ತಾರೆ. ಯಾವ ಮುಂಭಾಗಕ್ಕೆ ಯಾವ ಹಿಂಭಾಗ, ಯಾವ ಸೈಜು, ಯಾವ ಥಾನಿನ, ಅಂದರೆ ಯಾವ ಬಟ್ಟೆಸುರುಳಿಯ ಬಣ್ಣ, ಎಲ್ಲಕ್ಕೂ ಅದೇ ಆಧಾರ. ಅವ್ವ ರೇಷ್ಮೆ ಗೂಡು ಸಂತೆಗೆ ಒಯ್ಯುವ ಮೊದಲು ಎಲೆಚೂರು ಕಸಕಡ್ಡಿ ಕೀಳುವ ಹಾಗೆ ಎಲ್ಲವನ್ನೂ ಕಿತ್ತು ಶುಚಿ ಮಾಡಿದ್ದಳು!

"ಏನವ್ವಾ ಮಾಡ್ಬಿಟ್ಟೆ!" ಅಂತ ಇಡೀ ಬೀದಿಗೆ ಕೇಳುವ ಹಾಗೆ ಚೀರಿದೆ.

"ಎಷ್ಟು ಗಲೀಜಾಗಿತ್ತಮ್ಮಿ. ಇನ್ನೂ ಒಂದು ಕಟ್ಟು ಐತೆ, ಅದೂ ಮುಗಿಸ್ತೀನಿ," ಅಂದಳು.

ಆಡಬಾರದ ಮಾತೆಲ್ಲ ಆಡಿದೆ. ಬಂದು ಕೆಲಸ ಕೆಡಿಸಿದೆ ಅಂದೆ, ಮಗಳನ್ನು ನಿನ್ನ ಮನೆಗೇ ಕಳಿಸಬೇಕಾಗುತ್ತೆ ಈಗ ಅಂದೆ. ಅವ್ವ ಮೊರ ಕೆಳಗಿಟ್ಟು, ತಪ್ಪಾಯಿತು ಅಂತಲೂ ಅನ್ನದೆ, ಒಂದು ತುಂಡು ಎತ್ತಿ ಬಿಸಿಲಿಗೆ ಹಿಡಿದಳು. ಇನ್ನೊಂದು ಎತ್ತಿದಳು. "ಇದೂ ಇದೂ ಒಂದೇ ಬಣ್ಣ ಅಲ್ಲ, ನೋಡಮ್ಮಿ" ಅಂದಳು. ನನಗೆ ಎರಡೂ ಒಂದೇ ನೀಲಿ. ಜೀವಮಾನವಿಡೀ ಗೂಡು ಆರಿಸಿದ ಕಣ್ಣು ಅವು, ಹಳದಿಯಲ್ಲಿ ಹತ್ತು ಹಳದಿ ಕಾಣುತ್ತವೆ. ಅಂಗಳದಲ್ಲಿ ಚಾಪೆ ಹಾಸಿ, ಬಣ್ಣ ನೋಡಿ ನೋಡಿ ರಾಶಿ ಹಾಕುತ್ತಾ ಹೋದಳು. ಗಂಡ ಯೂನಿಟ್ಟಿನಿಂದ ಸೈಜಿನ ಅಚ್ಚು ತಂದು ಒಂದೊಂದು ರಾಶಿಯನ್ನೂ ಅಳೆದು ಬೇರೆ ಮಾಡಿದರು. ಎರಡು ದಿನ ಹಿಡಿಯಿತು. ಕೊನೆಗೆ ಜೊತೆ ಸೇರದೆ ಉಳಿದದ್ದು ಆರು ತುಂಡು. ಆ ಆರಕ್ಕೆ ಗಂಡ ಬೇರೆ ಬಟ್ಟೆ ಕತ್ತರಿಸಿ ತಂದರು. ಮಾಲೀಕನಿಗೆ ಇವತ್ತಿನವರೆಗೂ ಈ ಸುದ್ದಿ ಗೊತ್ತಿಲ್ಲ.

ಆಮೇಲಿನ ಏಳು ದಿನ ನಮ್ಮ ಬೀದಿಯನ್ನು ನೋಡಬೇಕಿತ್ತು. ಪ್ಯಾಂಟುಗಳು ನಮ್ಮನೆಯಲ್ಲಿ ಜೇಬು ಹಾಕಿಸಿಕೊಂಡು, ಪಕ್ಕದ ಮನೆಯಲ್ಲಿ ಜಿಪ್ಪು ಹಾಕಿಸಿಕೊಂಡು, ಆಚೆ ಮನೆಯಲ್ಲಿ ಸೈಡು ಕೂಡಿಸಿಕೊಂಡು, ಎದುರು ಮನೆಯಲ್ಲಿ ಸೊಂಟ ಕಟ್ಟಿಸಿಕೊಂಡು, ಮೂಲೆ ಮನೆಯಲ್ಲಿ ಕಾಲು ಮಡಚಿಸಿಕೊಂಡು ಅವ್ವನ ಮುಂದೆ ಬಂದು ಬೀಳುತ್ತಿದ್ದವು. ಒಂದು ಮನೆಯಲ್ಲಿ ಕರೆಂಟು ಹೋದರೆ ಐದು ಮನೆಯವರೂ ಲೈನ್‌ಮ್ಯಾನಿಗೆ ಫೋನ್ ಮಾಡುತ್ತಿದ್ದರು. ಮಧ್ಯಾಹ್ನ ಒಬ್ಬರ ಮನೆಯಲ್ಲಿ ಅಡುಗೆ, ಎಲ್ಲರಿಗೂ ಊಟ. ಅವ್ವ ಅವರೆಕಾಳು ಸಾರು ಮಾಡಿದ ದಿನ ಎದುರು ಮನೆಯಾಕೆ ಎರಡು ಮುದ್ದೆ ನುಂಗಿ ಮಿಷನ್ ಮುಂದೆ ತೂಕಡಿಸಿದಳು. "ನಿಮ್ಮವ್ವನ ಸಾರಿನ ದೆಸೆಯಿಂದ ಹತ್ತು ಪ್ಯಾಂಟು ಕಮ್ಮಿಯಾದ್ವು ನೋಡ್ರಿ" ಅಂತ ನನ್ನ ಮೇಲೇ ಹಾಕಿದಳು. ಮಗಳು ಸ್ಕೂಲಿನಿಂದ ಬಂದು ಅಜ್ಜಿಯ ಬೆನ್ನಿಗೆ ಒರಗಿ ಕೂತು ಮಗ್ಗಿ ಒಪ್ಪಿಸುತ್ತಿದ್ದಳು. ಅವ್ವ ದಾರ ಕತ್ತರಿಸುತ್ತಾ ಹೂಂ, ಹೂಂ ಅನ್ನುತ್ತಿದ್ದಳು. ತಪ್ಪೋ ಸರಿಯೋ ಅವಳಿಗೇನು ಗೊತ್ತು.

ಹತ್ತನೇ ದಿನ ಬೆಳಗ್ಗೆ ಲಾಟು ಹೋಯಿತು, ಒಂದೂ ವಾಪಸ್ ಬರಲಿಲ್ಲ. ಇಪ್ಪತ್ತೇಳು ಸಾವಿರ ಕೈಗೆ ಬಂತು. ದಾರ, ಕರೆಂಟಿನ ಖರ್ಚು ಕಳೆದು ಉಳಿದದ್ದನ್ನೆಲ್ಲ ಕಾರ್ಡಿಗೆ ಕಟ್ಟಿದೆ. ಮುಂದಿನ ಮೆಸೇಜಿನಲ್ಲಿ ದೊಡ್ಡ ಸಂಖ್ಯೆ ಮೊದಲ ಸಲ ಧಡಕ್ಕನೆ ಇಳಿದಿತ್ತು. ಅದನ್ನು ಬೀದಿಯಲ್ಲಿ ಮನೆಮನೆಗೂ ಒಯ್ದು ತೋರಿಸಿದೆ.

ಅವ್ವ ಹೊರಡುವಾಗ ಚೀಲದೊಳಗೆ ಸಾವಿರ ರೂಪಾಯಿ ಇಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಅದು ಅವಳ ಕೈಗೆ ಸಿಕ್ಕಿತು. ಎಲ್ಲರ ಮುಂದೆ ನನ್ನ ಸೊಂಟಕ್ಕೆ ಸಿಕ್ಕಿಸಿ, "ಮುಯ್ಯಾಳಿಗೆ ಕಾಸು ಕೊಡ್ತಾಳೆ ನೋಡು, ನಾಚ್ಗೆ ಇಲ್ದೋಳು. ಒಂಬತ್ತು ದಿನ ಬಂದಿವ್ನಿ. ಒಂಬತ್ತು ದಿನ ತೀರ್ಸು, ಯಾವಾಗ ಅಂತ ಆಮ್ಯಾಕೆ ಏಳ್ತೀನಿ," ಅಂದಳು.

ಆಮೇಲೆ ಮೂಲೆ ಮನೆಯವರ ಪಾಳಿ, ಎದುರು ಮನೆಯವರ ಪಾಳಿ, ಹೀಗೆ ಸುತ್ತು ಬಂತು. ನಮ್ಮ ಎರಡನೇ ಪಾಳಿ ಸಂಕ್ರಾಂತಿ ಆದ ಮೇಲೆ, ಮೂರನೆಯದು ಮಾರ್ಚಿನಲ್ಲಿ. ನಡುವೆ ಬೇರೆಯವರಿಗೆ ಹೊಲಿಯುವಾಗ ನನಗೆ ಬಿಡಿಗಾಸಿಲ್ಲ, ಗಂಡನ ಸಂಬಳದಲ್ಲೇ ಊಟ. ಮೆಣಸಿನಕಾಯಿ ಚಟ್ನಿ, ಮುದ್ದೆ, ಮತ್ತೆ ಮೆಣಸಿನಕಾಯಿ ಚಟ್ನಿ. ಗಂಡ ಭಾನುವಾರವೂ ಓಟಿ ಮಾಡಿದರು. ಒಂದು ದಿನ ಅವರೇ ಕೇಳಿದರು, "ಇನ್ನೆಷ್ಟೈತಿ?" ಅಂತ. ಬೆಂಗಳೂರಿನ ಮಾತು ಆಮೇಲೆ ಎತ್ತಲಿಲ್ಲ. ಪರೀಕ್ಷೆ ಇನ್ನೂ ಒಂದು ವಾರ ಇರುವಾಗ ಕೊನೆಯ ಎಂಟು ಸಾವಿರ ಚಿಲ್ಲರೆ ಕಟ್ಟಿ, ಫೋನ್ ಮಾಡಿದೆ. ಈ ಸಲ ಸಿಕ್ಕಿದವಳು ಬೇರೆ ಹುಡುಗಿ. ಬಾಕಿ ಏನೂ ಇಲ್ಲ, ಖಾತೆ ಮುಚ್ಚುತ್ತೇವೆ ಅಂದಳು. ಇನ್ನೊಂದು ಸಲ ಹೇಳಮ್ಮ ಅಂದೆ. ಹೇಳಿದಳು. ಹಿಂದೆ ನಾನು ಬೈದಿದ್ದ ಹುಡುಗಿಯ ಲೆಕ್ಕಕ್ಕೂ ಸೇರಿಸಿ ಇವಳಿಗೆ ಹರಸಿದೆ. ಗಂಡ ಅಂತೂ, "ಕಾಗದ ಕೈಗೆ ಬರೋ ತನಕ ಹೋಳಿಗಿ ಮಾಡಬ್ಯಾಡ" ಅಂದರು. ಅವರ ಜೀವಮಾನದ ಒಂದೇ ಒಂದು ತಮಾಷೆ ಅದು.

ಪರೀಕ್ಷೆ ಮುಗಿದ ಸಂಜೆ ಅವ್ವನ ಫೋನ್ ಬಂತು. "ನನ್ನ ಒಂಬತ್ತು ದಿನ ತೀರ್ಸಮ್ಮಿ."

"ಅಯ್ಯೋ ಅವ್ವ, ಪಕ್ಕದ ಮನೆಯವರ ಲಾಟು ನಡೀತೈತೆ. ಈಗ ಹೆಂಗೆ ಬರ್ಲಿ?"

"ನಿನ್ನ ಯಾರು ಕರ್ದ್ರು? ಮಗೀನ ಕಳ್ಸು."

ಗಂಡ ಹೋಗಿ ಬಿಟ್ಟು ಬಂದರು. ಒಂಬತ್ತು ದಿನ ಮನೆ ಬಿಕೋ ಅಂದಿತು. ಹತ್ತನೇ ದಿನ ಮಧ್ಯಾಹ್ನ ಜೇಬು ಹೊಲಿಯುತ್ತಾ ಕೂತಿದ್ದೆ, ಬಾಗಿಲಲ್ಲಿ ಅಜ್ಜಿ ಮೊಮ್ಮಗಳು ನಿಂತಿದ್ದರು. ಸ್ಕೂಲು ತೆರೆಯಲು ಇನ್ನೂ ಒಂದೂವರೆ ತಿಂಗಳಿತ್ತು. ಇಷ್ಟು ಬೇಗ ಯಾಕವ್ವಾ ಕರೆದುಕೊಂಡು ಬಂದೆ ಅಂದರೆ, "ಒಂಬತ್ತು ಅಂದ್ರೆ ಒಂಬತ್ತು. ನಾಕ್ ಗಂಟೆ ಬಸ್ಸಿಗೆ ಓಯ್ತೀನಿ, ಒಂದು ಲೋಟ ನೀರು ಕೊಡು," ಅಂದಳು.

ನೀರು ತರಲು ಒಳಗೆ ಹೋದೆ. ಮಗಳು ಹಿಂದೆಯೇ ಬಂದು ಉಸಿರು ಬಿಡದೆ ಸುದ್ದಿ ಒಪ್ಪಿಸತೊಡಗಿದಳು. ಅಜ್ಜಿ ಇವಳಿಗೆ ಬೇರೆ ಮಂಚ ಮಾಡಿಸಿದ್ದಾಳೆ. ಅದಕ್ಕೆ ಹೊಸ ನವಾರು ಪಟ್ಟಿ ಹೆಣೆಸಿದ್ದಾಳೆ. ಊರಿನ ಮೇಷ್ಟ್ರ ಹತ್ತಿರ ಹೋಗಿ ಇವಳನ್ನು ಸ್ಕೂಲಿಗೆ ಸೇರಿಸಲು ಏನೇನು ಕಾಗದ ಬೇಕು ಅಂತ ಕೇಳಿಕೊಂಡು ಬಂದಿದ್ದಾಳೆ.

"ಯಾವಾಗ ಮಾಡಿಸಿದ್ದಂತೆ ಮಂಚ?"

"ದೀಪಾವಳಿ ಆದ್ಮೇಲೆ. ಅಪ್ಪ ಫೋನ್ ಮಾಡಿದ್ರಂತಲ್ಲ, ನಾನು ಅಲ್ಲಿಗೇ ಬಂದ್ಬಿಡ್ತೀನಿ ಅಂತ."

ಚೊಂಬು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮಗಳು ತನ್ನ ಹತ್ತಿರ ಬರುತ್ತಾಳೆ ಅಂತ ಮಂಚ ಮಾಡಿಸಿದವಳು, ಅದೇ ತಿಂಗಳು ನನಗೆ ಫೋನಿನಲ್ಲಿ ಮುಯ್ಯಾಳು ಕೇಳು ಅಂತ ದಾರಿ ಹೇಳಿಕೊಟ್ಟಿದ್ದಳು. ಅದೇ ತಿಂಗಳು ಬಂದು, ನನ್ನ ಬೈಗುಳ ತಿಂದು, ಮಗಳು ನನ್ನ ಹತ್ತಿರವೇ ಉಳಿಯಲಿ ಅಂತ ಒಂಬತ್ತು ದಿನ ದಾರ ಕತ್ತರಿಸಿದ್ದಳು. ಮಂಚದ ಮಾತು ಒಂದು ದಿನವೂ ಅವಳ ಬಾಯಿಂದ ಬಂದಿರಲಿಲ್ಲ. ನನಗೆ ಸಂಕಟ ಬಂತು, ಸಂಕಟ ಬಂದರೆ ನನಗೆ ಸಿಟ್ಟೇ ಬರುವುದು. ಹೊರಗೆ ಬಂದು ಚೊಂಬು ಕುಕ್ಕಿದೆ.

"ಒಂಬತ್ತು ದಿನ ಎಣಿಸಿ ತಂದು ಬಿಡ್ತೀಯಲ್ಲ, ಐದು ವರ್ಷ ಸಾಕಿದ್ಯಲ್ಲ ಇವಳನ್ನ, ಅದನ್ನ ಯಾಕೆ ಎಣಿಸ್ಲಿಲ್ಲ? ಅದನ್ನ ಯಾಕೆ ಕೇಳ್ಲಿಲ್ಲ?"

ಅವ್ವ ನೀರು ಪೂರ್ತಿ ಕುಡಿದು ಬಾಯಿ ಒರೆಸಿಕೊಂಡಳು. "ಅದನ್ನ ಯಾಕೆ ಕೇಳಾನ? ಅದು ನಾನು ಕೊಟ್ಟಿದ್ದಲ್ಲ ಕಣಮ್ಮಿ, ನಂಗೆ ಸಿಕ್ಕಿದ್ದು," ಅಂದಳು.

ನಾನು ಮಿಷನ್ನಿನ ಸ್ವಿಚ್ಚು ಆರಿಸಿದೆ. ಗಂಡನಿಗೆ ಫೋನ್ ಮಾಡಿ ಹೇಳಿದೆ. ಎದುರು ಮನೆಗೆ ಹೋಗಿ, ಲಾಟು ನಡುವೆ ಬಿಟ್ಟು ಹೋಗುತ್ತಿದ್ದೇನೆ, ಬಂದ ಮೇಲೆ ನನ್ನ ದಿನಗಳನ್ನು ತೀರಿಸುತ್ತೇನೆ ಅಂದೆ. "ಹೋಗಿ ಬರ್ರಿ ಅಕ್ಕಾರ, ನಿಮ್ಮ ಜೇಬು ನಾವು ಹೊಲಿತೀವಿ. ಎಲ್ಲಿ ಓಡಿ ಹೋಗ್ತೀರಿ ನೀವು," ಅಂದಳು. ಎರಡು ಸೀರೆ, ಮಗಳ ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿದೆ. ಅವ್ವ ಬೇಡಮ್ಮಿ, ನಿಂಗೆ ಕೆಲಸ ಐತೆ ಅಂತ ಬಸ್ ಸ್ಟ್ಯಾಂಡಿನವರೆಗೂ ಅನ್ನುತ್ತಲೇ ಬಂದಳು. ಕಲ್ಯಾಣದುರ್ಗಕ್ಕೆ ಎರಡು ಫುಲ್ಲು, ಒಂದು ಹಾಫು ಟಿಕೆಟ್ ತೆಗೆದುಕೊಂಡೆ. ಅಲ್ಲಿಂದ ಮುಂದೆ ಬಸ್ಸು ಬದಲಾಯಿಸಬೇಕು.

"ಏಸು ದಿನ ಇರ್ತೀಯಮ್ಮಿ?" ಅಂತ ಕೇಳಿದಳು ಅವ್ವ.

"ಸುಮ್ನೆ ಕೂತ್ಕೋ ಅವ್ವ," ಅಂದೆ.

ಮಗಳು ನಮ್ಮಿಬ್ಬರ ನಡುವೆ ಕೂರುವುದಿಲ್ಲ ಅಂತ ಹಠ ಹಿಡಿದು ಕಿಟಕಿ ಪಕ್ಕಕ್ಕೆ ನುಗ್ಗಿದಳು. ಹಾಗಾಗಿ ಅವ್ವನ ಪಕ್ಕ ನಾನು ಕೂತೆ.